ಹುಟ್ಟು ಮರೆಸಿದ ಯಂತ್ರಕ್ಕೊಂದು ಮರುಹುಟ್ಟು

ಮಿಲ್ವಾಕಿ ನಗರವನ್ನು ಬಿಟ್ಟು ಪಶ್ಚಿಮಕ್ಕೆ ಹೊರಟರೆ ಮುಕ್ಕಾಲು ಗಂಟೆಯೊಳಗೆ ರಸ್ತೆಯ ಆಚೀಚೆ ನೀರು ಕಾಣತೊಡಗುತ್ತದೆ. ಪಿವಾಕಿ, ನಾಗವಿಕಾ, ಒಕಾಚೀ, ಒಕೋನೊಮೊವಾಕ್... ಒಂದು ಹೆಸರು ನಾಲಿಗೆಗೆ ಒಗ್ಗುವಷ್ಟರಲ್ಲಿ ಇನ್ನೊಂದು ಸರೋವರ ಎದುರಿಗಿರುತ್ತದೆ. ಅಮೆರಿಕದ ಉತ್ತರ ಭಾಗದ ವಿಸ್ಕಾನ್ಸಿನ್ ರಾಜ್ಯದಲ್ಲಿ ಇಂಥ ಸರೋವರಗಳು ಒಂದೆರಡಲ್ಲ, ಸಣ್ಣವು ದೊಡ್ಡವು ಸೇರಿ ಹದಿನೈದು ಸಾವಿರಕ್ಕೂ ಹೆಚ್ಚು! ಹಿಮಯುಗದ ಕೊನೆಯಲ್ಲಿ ಹಿಮನದಿಗಳು ಹಿಂದೆ ಸರಿಯುವಾಗ ತಗ್ಗುಗಳನ್ನು ಬಿಟ್ಟುಹೋದವು. ಆ ತಗ್ಗುಗಳಲ್ಲಿ ನಿಂತ ನೀರೇ ಇಂದಿನ ಸರೋವರಗಳು. ಚಳಿಗಾಲದಲ್ಲಿ ಇವು ಗಟ್ಟಿಯಾಗಿ ಹೆಪ್ಪುಗಟ್ಟುತ್ತವೆ. ಬೇಸಿಗೆ ಬಂತೆಂದರೆ ಮನೆಗೊಂದು ದೋಣಿ ನೀರಿಗಿಳಿಯುತ್ತದೆ.

ಇಂಥದೊಂದು ಸರೋವರದ ದಡದಲ್ಲಿ ಬೇಸಿಗೆಯ ಯಾವುದಾದರೊಂದು ಶನಿವಾರ ವಿಚಿತ್ರ ಸಂತೆಯೊಂದು ನೆರೆಯುವುದುಂಟು. ಮರದ ಅಡ್ಡೆಗಳ ಮೇಲೆ ಸಾಲಾಗಿ ಕಚ್ಚಿಸಿ ನಿಲ್ಲಿಸಿದ ಹಳೆಯ ಮೋಟಾರುಗಳು. ಕೆಲವು ಹಿತ್ತಾಳೆಯ ಹೊಳಪಿನವು, ಕೆಲವು ತುಕ್ಕು ಹಿಡಿದವು, ಕೆಲವಕ್ಕೆ ಟೊಪ್ಪಿಯೇ ಇಲ್ಲ. ಪಕ್ಕದಲ್ಲಿ ನೀರು ತುಂಬಿದ ಡ್ರಮ್ಮು. ನರೆಗೂದಲಿನ ಒಬ್ಬಾತ ಹಗ್ಗವನ್ನು ಗಾಲಿಗೆ ಸುತ್ತಿ ಎಳೆಯುತ್ತಾನೆ. ಮೊದಲ ಎಳೆತಕ್ಕೆ ಕೆಮ್ಮು, ಎರಡನೆಯದಕ್ಕೆ ಸೀನು, ಮೂರನೆಯದಕ್ಕೆ ಪಟಪಟ ಸದ್ದು. ನೀಲಿ ಹೊಗೆ ಮೇಲೇಳುತ್ತಿದ್ದಂತೆ ಸುತ್ತ ನಿಂತವರಿಂದ ಚಪ್ಪಾಳೆ. ಎಂಬತ್ತು ವರ್ಷದ ಯಂತ್ರವೊಂದು ಮತ್ತೆ ಉಸಿರಾಡಿದೆ!

ಇದು ಹಳೆಯ ಔಟ್‌ಬೋರ್ಡ್ ಮೋಟಾರುಗಳ ಪ್ರೇಮಿಗಳ ಮೇಳ. 1965ರಲ್ಲಿ ಹುಟ್ಟಿದ 'ಆಂಟಿಕ್ ಔಟ್‌ಬೋರ್ಡ್ ಮೋಟಾರ್ ಕ್ಲಬ್' ಎಂಬ ಸಂಘದ ಶಾಖೆಗಳು ಅಮೆರಿಕದ ಉದ್ದಗಲಕ್ಕೂ ಇವೆ. ಮೋಟಾರನ್ನು ನೀರಿಗಿಳಿಸಿ ಓಡಿಸುವ ಕೂಟಕ್ಕೆ ಅವರಲ್ಲಿ 'ಒದ್ದೆ ಮೇಳ' ಎಂದೇ ಹೆಸರು. ಆದರೆ ವಿಸ್ಕಾನ್ಸಿನ್ನಿನ ಮೇಳಗಳಿಗೆ ಬೇರೆಲ್ಲೂ ಇಲ್ಲದ ಒಂದು ಅರ್ಥವಿದೆ. ಏಕೆಂದರೆ ಈ ಯಂತ್ರಗಳ ತವರು ಇದೇ.

ದೋಣಿಯ ಬೆನ್ನೇರಿದ ಯಂತ್ರ

ಔಟ್‌ಬೋರ್ಡ್ ಎಂದರೆ ಏನೆಂದು ನಮ್ಮ ಕರಾವಳಿಯವರಿಗೆ ವಿವರಿಸಬೇಕಿಲ್ಲ. ಗಂಗೊಳ್ಳಿ, ಮಲ್ಪೆ, ಹೊನ್ನಾವರದ ಕಡೆಯ ನಾಡದೋಣಿಗಳ ಹಿಂಬದಿಯಲ್ಲಿ ನೇತುಬಿದ್ದಿರುವ, ಬೇಕೆಂದಾಗ ಕಳಚಿ ಹೆಗಲ ಮೇಲೆ ಹೊತ್ತೊಯ್ಯಬಹುದಾದ ಎಂಜಿನ್ನೇ ಅದು. ಪೆಟ್ರೋಲಿನಿಂದ ಚಾಲೂ ಮಾಡಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ಹೊರಳಿಸುವ ಜಪಾನಿ ಮೋಟಾರುಗಳು ಅಲ್ಲಿನ ಮೀನುಗಾರರಿಗೆ ಚಿರಪರಿಚಿತ. ಉಪ್ಪುನೀರಿನಲ್ಲಿ ದುಡಿದು ದುಡಿದು ಸವೆದು, ಕೊನೆಗೆ ಗುಜರಿ ಸೇರುವುದು ಅವುಗಳ ಹಣೆಬರಹ. ಹೊಟ್ಟೆಪಾಡಿನ ಯಂತ್ರಕ್ಕೆ ವೃದ್ಧಾಪ್ಯದ ಭಾಗ್ಯವಿಲ್ಲ.

ವಿಸ್ಕಾನ್ಸಿನ್ನಿನ ಸಿಹಿನೀರಿನಲ್ಲಿ ಹಾಗಲ್ಲ. ಇಲ್ಲಿ ಮೋಟಾರು ವರ್ಷದಲ್ಲಿ ಮೂರು ತಿಂಗಳು ದುಡಿದರೆ ಉಳಿದ ಒಂಬತ್ತು ತಿಂಗಳು ಕೊಟ್ಟಿಗೆಯ ಮೂಲೆಯಲ್ಲಿ ಮಲಗುತ್ತದೆ. ಅಜ್ಜ ಕೊಂಡದ್ದು ಮೊಮ್ಮಗನ ಕಾಲದಲ್ಲಿ ಧೂಳು ಕೊಡವಿ ಹೊರಬರುತ್ತದೆ. ಆಗ ಏಳುವ ಮೊದಲ ಪ್ರಶ್ನೆ: ಇದರ ಹೆಸರೇನು? ಯಾವ ವರ್ಷದ್ದು?

ಇಷ್ಟು ಸರಳ ಪ್ರಶ್ನೆಗೆ ಉತ್ತರ ಹುಡುಕಲು ಕಾರ್ಖಾನೆಗಳ ಒಂದು ಶತಮಾನದ ಇತಿಹಾಸವನ್ನೇ ತಿಳಿಯಬೇಕಾಗುತ್ತದೆ.

ಕರಗಿದ ಐಸ್‌ಕ್ರೀಮು

ಮಿಲ್ವಾಕಿಯಿಂದ ಸುಮಾರು 48 ಕಿ.ಮೀ. ದೂರದ ಒಕಾಚೀ ಸರೋವರದ ವಿಸ್ತಾರ ಸುಮಾರು 1,200 ಎಕರೆ. ನಡುನಡುವೆ ಪುಟ್ಟ ದ್ವೀಪಗಳು. ಇಲ್ಲಿನವರು ಹೇಳುವ ಕಥೆ ಹೀಗಿದೆ. 1906ರ ಸುಮಾರಿನ ಒಂದು ಬಿಸಿಲ ದಿನ, ಓಲೆ ಎವಿನ್‌ರೂಡ್ ಎಂಬ ತರುಣ ತನ್ನ ಗೆಳತಿ ಬೆಸ್ ಕೇರಿಯೊಡನೆ ಈ ದ್ವೀಪವೊಂದಕ್ಕೆ ವನಭೋಜನಕ್ಕೆ ಬಂದಿದ್ದ. ಬೆಸ್ ಐಸ್‌ಕ್ರೀಮ್ ಕೇಳಿದಳು. ಓಲೆ ನಾಲ್ಕು ಕಿ.ಮೀ. ಹುಟ್ಟು ಹಾಕಿ ದಡ ಸೇರಿ ಐಸ್‌ಕ್ರೀಮ್ ಕೊಂಡ. ಮತ್ತೆ ಹುಟ್ಟು ಹಾಕುತ್ತ ದ್ವೀಪ ತಲುಪುವಷ್ಟರಲ್ಲಿ ಅದು ಪಾಯಸವಾಗಿತ್ತು! ಬೆವರೊರೆಸಿಕೊಳ್ಳುತ್ತ ಅಂದೇ ಆತ ದೋಣಿಗೆ ಮೋಟಾರು ಕಟ್ಟುವ ಆಲೋಚನೆ ಮಾಡಿದನಂತೆ.

ಕಥೆಯಲ್ಲಿ ಬಣ್ಣ ಎಷ್ಟಿದ್ದರೂ ವ್ಯಕ್ತಿಗಳು ಬಣ್ಣದವರಲ್ಲ. ಓಲೆ 1877ರಲ್ಲಿ ನಾರ್ವೆಯಲ್ಲಿ ಹುಟ್ಟಿ, ಐದು ವರ್ಷದ ಹುಡುಗನಾಗಿದ್ದಾಗ ವಿಸ್ಕಾನ್ಸಿನ್ನಿಗೆ ಬಂದವನು. ಕೇಂಬ್ರಿಜ್ ಎಂಬ ಹಳ್ಳಿಯ ಬಳಿ, ರಿಪ್ಲೆ ಸರೋವರದ ಪಕ್ಕದಲ್ಲಿ ಅವರ ಹೊಲ. ಹದಿಹರೆಯದಲ್ಲೇ ಮನೆ ಬಿಟ್ಟು ಯಂತ್ರಾಗಾರಗಳಲ್ಲಿ ಕೂಲಿ ಮಾಡಿದ. ಓದಿದ್ದು ಕಡಿಮೆ, ಕೈಕಸುಬು ಹೆಚ್ಚು. ಬೆಸ್ ವ್ಯಾಪಾರ ಶಾಲೆಯಲ್ಲಿ ಕಲಿಯುತ್ತಿದ್ದ ನೆರೆಮನೆಯ ಹುಡುಗಿ. ಓಲೆಯ ಲೆಕ್ಕಪತ್ರ ನೋಡಿಕೊಳ್ಳಲು ಬಂದವಳು 1906ರ ನವೆಂಬರಿನಲ್ಲಿ ಅವನ ಕೈಹಿಡಿದಳು.

ಗಂಡ ಅಡುಗೆಮನೆಯ ಮೇಜಿನ ಮೇಲೆ ತಂದಿಟ್ಟ ಮೊದಲ ಮಾದರಿಯನ್ನು ನೋಡಿ ಬೆಸ್, ಇದು ಕಾಫಿ ಬೀಜ ಬೀಸುವ ಯಂತ್ರದಂತಿದೆ ಎಂದು ನಕ್ಕಳಂತೆ. ಮಿಲ್ವಾಕಿಯ ಕಿನ್ನಿಕಿನ್ನಿಕ್ ನದಿಯಲ್ಲಿ ಅದರ ಪರೀಕ್ಷೆ ನಡೆಯಿತು. ಎರವಲು ಒಯ್ದ ಗೆಳೆಯನೊಬ್ಬ ಸಂಜೆಗೆ ಹತ್ತು ಜನರ ಬೇಡಿಕೆಯೊಂದಿಗೆ ಮರಳಿ ಬಂದ. 1909ರಲ್ಲಿ ಮಾರಾಟಕ್ಕೆ ಬಂದ ಆ ಮೋಟಾರಿನ ಶಕ್ತಿ ಒಂದೂವರೆ ಅಶ್ವಶಕ್ತಿ, ತೂಕ 62 ಪೌಂಡು, ಅಂದರೆ ಸುಮಾರು 28 ಕಿಲೋ. ಬೆಲೆಯೂ 62 ಡಾಲರು! ಪೌಂಡಿಗೊಂದು ಡಾಲರಿನ ಲೆಕ್ಕ. 1911ರಲ್ಲಿ ಪೇಟೆಂಟ್ ದೊರೆಯಿತು.

ದೋಣಿಯ ಬೆನ್ನಿಗೆ ಮೋಟಾರು ಕಟ್ಟಿದವರಲ್ಲಿ ಓಲೆ ಮೊದಲಿಗನೇನೂ ಅಲ್ಲ. ಪ್ಯಾರಿಸ್ಸಿನ ಸೆನ್ ನದಿಯಲ್ಲಿ ಗುಸ್ತಾವ್ ತ್ರೂವೆ 1881ರಲ್ಲೇ ವಿದ್ಯುತ್ ಮೋಟಾರು ಕಟ್ಟಿ ದೋಣಿ ಓಡಿಸಿದ್ದ. ಡೆಟ್ರಾಯಿಟ್‌ನ ಕ್ಯಾಮರನ್ ವಾಟರ್‌ಮನ್ 1905ರಲ್ಲಿ ಪೆಟ್ರೋಲ್ ಮೋಟಾರನ್ನು ಪರೀಕ್ಷಿಸಿ ಮಾರಾಟಕ್ಕೂ ಇಳಿಸಿದ್ದ. ಓಲೆಯದು ಗಟ್ಟಿಮುಟ್ಟಾಗಿತ್ತು, ರಿಪೇರಿಗೆ ಸುಲಭವಾಗಿತ್ತು. ಮೇಲೆ ಮಲಗಿದ ಸಿಲಿಂಡರು, ನೇರ ಕೆಳಗಿಳಿಯುವ ದಂಡ, ತುದಿಯಲ್ಲಿ ಹಲ್ಲುಗಾಲಿ, ಅದಕ್ಕೆ ಪಂಖ. ಈ ವಿನ್ಯಾಸದ ಮೂಲರೂಪ ಇಂದಿಗೂ ಬದಲಾಗಿಲ್ಲ. ಇನ್ನು, ಹುಟ್ಟುಗಳನ್ನು ಎಸೆದುಬಿಡಿ ಎಂದು ಜನರಿಗೆ ಕರೆಕೊಟ್ಟ ಜಾಹೀರಾತನ್ನು ಬರೆದವಳು ಬೆಸ್. ಯಂತ್ರ ಗಂಡನದು, ಮಾತು ಹೆಂಡತಿಯದು. ಎರಡೂ ಸೇರಿಯೇ ಉದ್ಯಮವಾಯಿತು.

ಬೆಸ್‌ಳ ಆರೋಗ್ಯ ಕೆಟ್ಟಿದ್ದರಿಂದ ಓಲೆ ತನ್ನ ಪಾಲನ್ನು ಜೊತೆಗಾರನಿಗೆ ಮಾರಿದ. ಐದು ವರ್ಷ ಸ್ಪರ್ಧೆಗೆ ಇಳಿಯುವುದಿಲ್ಲ ಎಂಬ ಕರಾರೂ ಆಯಿತು. ಅವಧಿ ಮುಗಿಯುವಷ್ಟರಲ್ಲಿ ಅಲ್ಯುಮಿನಿಯಂ ಬಳಸಿದ, 48 ಪೌಂಡು ತೂಗುವ, ಎರಡು ಸಿಲಿಂಡರಿನ ಹೊಸ ಮೋಟಾರು ಅವನ ಕೈಯಲ್ಲಿತ್ತು. ಹಳೆಯ ಜೊತೆಗಾರ ಅದನ್ನು ಬೇಡವೆಂದ. 1921ರಲ್ಲಿ 'ಎಲ್ಟೊ' ಎಂಬ ಹೊಸ ಕಂಪನಿ ಹುಟ್ಟಿತು. ತನ್ನದೇ ಹೆಸರಿನ ಕಂಪನಿಯ ಎದುರು ತಾನೇ ನಿಂತು ಸ್ಪರ್ಧಿಸಿದ ಅಪರೂಪದ ಮನುಷ್ಯ ಓಲೆ! 1929ರಲ್ಲಿ ಎರಡೂ ಒಂದಾದವು. 1933ರಲ್ಲಿ ಬೆಸ್, ಮರುವರ್ಷವೇ ಓಲೆ ತೀರಿಕೊಂಡರು. ಮಗ ರಾಲ್ಫ್ ಉದ್ಯಮವನ್ನು ಮುಂದುವರಿಸಿದ.

ಪಾತ್ರೆಯವರೂ ಮಾಡಿದರು, ಕಾರಿನವರೂ ಮಾಡಿದರು

ಮಿಲ್ವಾಕಿಯ ದಕ್ಷಿಣಕ್ಕೆ, ಮಿಷಿಗನ್ ಸರೋವರದ ದಂಡೆಯಲ್ಲೇ ಸಾಗಿದರೆ ಸುಮಾರು 80 ಕಿ.ಮೀ. ದೂರದಲ್ಲಿ, ಇಲಿನಾಯ್ ರಾಜ್ಯದ ಗಡಿಯೊಳಗೆ ವಾಕೀಗನ್ ಎಂಬ ಬಂದರು ಪಟ್ಟಣ ಸಿಗುತ್ತದೆ. ಇಂಡಿಯಾನಾದ ಜಾನ್‌ಸನ್ ಸಹೋದರರು 1920ರ ದಶಕದ ಆರಂಭದಲ್ಲಿ 35 ಪೌಂಡಿನ ಹಗುರ ಮೋಟಾರು ಮಾಡಿ ಹೆಸರಾಗಿ, 1927ರಲ್ಲಿ ಇಲ್ಲಿಗೆ ಬಂದು ಕಾರ್ಖಾನೆ ಕಟ್ಟಿದರು. 1930ರ ದಶಕದ ಮಹಾ ಆರ್ಥಿಕ ಕುಸಿತದಲ್ಲಿ ಜಾನ್‌ಸನ್ ಕಂಪನಿ ನೆಲಕಚ್ಚಿತು. ಅದನ್ನು ಎವಿನ್‌ರೂಡ್ ಬಳಗವೇ ಕೊಂಡಿತು. ಅಂದಿನಿಂದ ಎವಿನ್‌ರೂಡ್, ಜಾನ್‌ಸನ್ ಎರಡೂ ಒಂದೇ ಮನೆಯ ಸೊಸೆಯಂದಿರು. ಈ ಬಳಗಕ್ಕೆ 1956ರಲ್ಲಿ 'ಔಟ್‌ಬೋರ್ಡ್ ಮೆರೀನ್ ಕಾರ್ಪೊರೇಷನ್' ಎಂಬ ಹೆಸರು ಬಂತು. ಚಿಕ್ಕದಾಗಿ ಓಎಂಸಿ.

ಮಿಲ್ವಾಕಿಯ ಉತ್ತರಕ್ಕೆ ಹೋದರೆ ಸೀಡರ್‌ಬರ್ಗ್. ಬೇರ್ಪಡಿಸುವ ಕಾಂತಯಂತ್ರ ತಯಾರಿಸಲೆಂದು ಕಾರ್ಲ್ ಕೀಕ್‌ಹೇಫರ್ 1939ರಲ್ಲಿ ಇಲ್ಲಿ ಮುಳುಗಿದ ಕಾರ್ಖಾನೆಯೊಂದನ್ನು ಕೊಂಡ. ಒಳಗೆ, ಸರಿಯಾಗಿ ಓಡುವುದಿಲ್ಲವೆಂದು ಅಂಗಡಿಯವರು ಹಿಂದಿರುಗಿಸಿದ ಸುಮಾರು ಮುನ್ನೂರು ಔಟ್‌ಬೋರ್ಡ್‌ಗಳು ಬಿದ್ದಿದ್ದವು. ಕಾಸು ಹುಟ್ಟಲೆಂದು ಅವನ್ನು ಬಿಚ್ಚಿ ಸರಿಪಡಿಸಿ ಮಾರಿದ. ಕೊಂಡವರು ಇನ್ನಷ್ಟು ಬೇಕೆಂದರು. ಕಾಂತಯಂತ್ರದ ಮಾತು ಹಿಂದೆ ಬಿತ್ತು, 'ಮರ್ಕ್ಯುರಿ' ಮೋಟಾರು ಹುಟ್ಟಿತು. ಮುಂದೆ ಆ ಕಂಪನಿ ವಿನ್ನೆಬೇಗೊ ಎಂಬ ದೊಡ್ಡ ಸರೋವರದ ತುದಿಯ ಫಾಂಡುಲಾಕ್ ಪಟ್ಟಣದಲ್ಲಿ ನೆಲೆಯೂರಿತು. ಇಂದಿಗೂ ಅಲ್ಲಿ ಮೋಟಾರು ತಯಾರಾಗುತ್ತಿದೆ.

ಇನ್ನೂ ಇದೆ. ಹಾರ್ಟ್‌ಫರ್ಡ್ ಎಂಬ ಊರಿನಲ್ಲಿ ಕಾರು ತಯಾರಿಸುತ್ತಿದ್ದ ಕಿಸೆಲ್ ಮನೆತನದವರು, ಕಾರಿನ ವ್ಯಾಪಾರ ಮುಳುಗಿದ ಮೇಲೆ ಸಿಯರ್ಸ್ ಅಂಗಡಿಗೆ 'ವಾಟರ್‌ವಿಚ್' ಮೋಟಾರು ಮಾಡಿಕೊಟ್ಟರು. ಪಕ್ಕದ ವೆಸ್ಟ್ ಬೆಂಡ್‌ನ ಅಲ್ಯುಮಿನಿಯಂ ಪಾತ್ರೆಯ ಕಂಪನಿ ಅದೇ ಸಿಯರ್ಸ್‌ಗೆ 'ಎಲ್ಜಿನ್' ಮೋಟಾರು ಒದಗಿಸಿತು. ಅಡುಗೆಮನೆಯ ಬೋಗುಣಿ, ಸರೋವರದ ಮೋಟಾರು ಎರಡೂ ಒಂದೇ ಕಂಪನಿಯಿಂದ!

ಹೆಸರಿಲ್ಲದವರ ಜಾತಕ

ಈ ಬೇರು ಬಿಳಲುಗಳ ನಡುವೆಯೇ ಗುರುತಿನ ಗೋಜಲು ಇರುವುದು. ಅಂಗಡಿಗೊಂದು ಹೆಸರು. ಮಾಂಟ್‌ಗಮರಿ ವಾರ್ಡ್‌ನಲ್ಲಿ 'ಸೀ ಕಿಂಗ್', ವೆಸ್ಟರ್ನ್ ಆಟೋದಲ್ಲಿ 'ವಿಜರ್ಡ್', ಗುಡ್‌ಇಯರ್‌ನಲ್ಲಿ 'ಸೀ ಬೀ'. ಟೊಪ್ಪಿಯ ಮೇಲಿನ ಹೆಸರು ಮಾರಿದವನದು, ಹೊಟ್ಟೆಯೊಳಗಿನ ಯಂತ್ರ ಮತ್ತೊಬ್ಬನದು. ಎಷ್ಟೋ 'ವಿಜರ್ಡ್'ಗಳನ್ನು ಮಾಡಿದವನು ಮರ್ಕ್ಯುರಿಯ ಕೀಕ್‌ಹೇಫರ್. 'ಸೀ ಬೀ'ಗಳಲ್ಲಿ ಹಲವು ಓಎಂಸಿಯ ಇನ್ನೊಂದು ಕೂಸಾದ ಗೇಲ್ ಕಾರ್ಖಾನೆಯವು.

ಮೇಳಕ್ಕೆ ಅನಾಥ ಮೋಟಾರೊಂದನ್ನು ಯಾರಾದರೂ ಹೊತ್ತು ತಂದರೆ ಬಲ್ಲವರು ಮೊದಲು ನೋಡುವುದು ಬಣ್ಣವನ್ನಲ್ಲ, ತಗಡನ್ನು. ದೋಣಿಯ ಹಿಂಬದಿಯ ಹಲಗೆಗೆ ಕಚ್ಚುವ ಕಬ್ಬಿಣದ ಕೈಗಳ ಮೇಲೆ ಸಾಮಾನ್ಯವಾಗಿ ಪುಟ್ಟ ತಗಡೊಂದು ಇರುತ್ತದೆ. ಅದರಲ್ಲಿ ಮಾದರಿಯ ಸಂಖ್ಯೆ, ಅನುಕ್ರಮ ಸಂಖ್ಯೆ. ಎಷ್ಟೋ ಬಾರಿ ಅದರ ಮೇಲೆ ನಾಲ್ಕು ಪದರ ಬಣ್ಣ ಕೂತಿರುತ್ತದೆ. ಮರಳುಕಾಗದ ಹಿಡಿದು ಉಜ್ಜಿದರೆ ಅಕ್ಷರವೂ ಹೋಯಿತು, ಜಾತಕವೂ ಹೋಯಿತು. ಮೆತ್ತಗೆ ಬಣ್ಣ ಕರಗಿಸಿ, ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲ್ ತಿಕ್ಕುವುದು ಅನುಭವಿಗಳ ಉಪಾಯ. ಮಕ್ಕಳು ನಾಣ್ಯದ ಮೇಲೆ ಕಾಗದ ಇಟ್ಟು ತಿಕ್ಕುತ್ತಾರಲ್ಲ, ಹಾಗೆ.

ತಗಡೇ ಕಿತ್ತುಹೋಗಿದ್ದರೆ? ಸ್ವಲ್ಪ ಈಚಿನ ಓಎಂಸಿ ಮೋಟಾರುಗಳಲ್ಲಿ ಎಂಜಿನ್ನಿನ ಮೈಮೇಲೆ ನಾಣ್ಯದಂಥ ಲೋಹದ ಬಿರಡೆ ಇರುತ್ತದೆ. ಅದರ ಮೇಲೂ ಸಂಖ್ಯೆ ಒತ್ತಿರುತ್ತಾರೆ. ಆದರೆ ಎರಕದಲ್ಲೇ ಉಬ್ಬಿ ನಿಂತ ದೊಡ್ಡ ಅಂಕಿಗಳನ್ನು ನೋಡಿ ಮೋಸಹೋಗಬಾರದು. ಅವು ಆ ಬಿಡಿಭಾಗದ ಸಂಖ್ಯೆಗಳು, ಮೋಟಾರಿನವಲ್ಲ. ಹೊಸಬರು ಎಡವುವುದು ಇಲ್ಲಿಯೇ.

ಯಾವ ಸಂಖ್ಯೆಯೂ ಇಲ್ಲದಿದ್ದಾಗ ಪತ್ತೇದಾರಿ ಕೆಲಸ ಶುರು. ಗಾಲಿಯ ಅಂಚಿನಲ್ಲಿ ಮರದ ಹಿಡಿಯಿದ್ದು, ಅದನ್ನು ಹಿಡಿದು ತಿರುಗಿಸಿ ಚಾಲೂ ಮಾಡುವಂತಿದ್ದರೆ ಅದು ತೀರಾ ಹಳೆಯ ಕಾಲದ್ದು. ಆ ಹಿಡಿ ಹಿಂದಕ್ಕೆ ಹೊಡೆದು ಎಷ್ಟು ಜನರ ಬೆರಳ ಗಂಟು ಮುರಿದಿತ್ತೋ! ಹಗ್ಗ ಸುತ್ತಲು ಗಾಲಿಯ ಮೇಲೆ ಗಾಡಿಯಿದ್ದರೆ ಅದರ ನಂತರದ್ದು. ಹಗ್ಗ ತಾನಾಗಿ ಒಳಸೇರುವಂತಿದ್ದರೆ ಇನ್ನೂ ಈಚಿನದು. ಮುಂದಕ್ಕೆ, ತಟಸ್ಥ, ಹಿಂದಕ್ಕೆ ಎಂಬ ಗೇರು, ಬೇರೆಯಾಗಿ ಕೆಳಗಿಡುವ ಇಂಧನದ ತೊಟ್ಟಿ ಇವೆರಡನ್ನೂ ಜಾನ್‌ಸನ್ ಒಟ್ಟಿಗೆ ತಂದದ್ದು 1949ರ 'ಕ್ಯೂಡಿ-10' ಎಂಬ ಹತ್ತು ಅಶ್ವಶಕ್ತಿಯ ಮಾದರಿಯಲ್ಲಿ. ತೊಟ್ಟಿಯಿಂದ ಎರಡು ಕೊಳವೆ ಬರುತ್ತಿದ್ದರೆ ಅದು ಸುಮಾರು 1960ಕ್ಕಿಂತ ಹಿಂದಿನ ಪದ್ಧತಿ. ಆಗ ಮೋಟಾರು ಒಂದು ಕೊಳವೆಯಲ್ಲಿ ತೊಟ್ಟಿಗೆ ಗಾಳಿ ಊದುತ್ತಿತ್ತು. ಆ ಒತ್ತಡಕ್ಕೆ ಪೆಟ್ರೋಲು ಇನ್ನೊಂದು ಕೊಳವೆಯಲ್ಲಿ ಏರಿಬರುತ್ತಿತ್ತು. ಗೇರಿದೆ, ಎರಡು ಕೊಳವೆಯೂ ಇದೆ ಎಂದಾದರೆ? 1949 ಮತ್ತು 1960ರ ನಡುವಿನದು ಎಂದು ಧೈರ್ಯವಾಗಿ ಹೇಳಬಹುದು. ಒಂದೂ ಅಕ್ಷರವಿಲ್ಲದ ಯಂತ್ರಕ್ಕೆ ಹನ್ನೊಂದು ವರ್ಷಗಳ ಅಂತರದಲ್ಲಿ ವಯಸ್ಸು ಸಿಕ್ಕಿತು.

ಟೊಪ್ಪಿಯನ್ನು ಮಾತ್ರ ನಂಬಬಾರದು. 1950ರ ದಶಕದ ಎವಿನ್‌ರೂಡ್ ನೀಲಿ ಬಣ್ಣಕ್ಕೆ ಪ್ರಸಿದ್ಧ. ಆದರೆ ಆ ಹೊತ್ತಿಗೆ ಎವಿನ್‌ರೂಡ್, ಜಾನ್‌ಸನ್ ಎರಡರ ಅನೇಕ ಮಾದರಿಗಳ ಒಡಲು ಒಂದೇ ಆಗಿತ್ತು. ಒಂದರ ಟೊಪ್ಪಿ ಒಡೆದರೆ ಇನ್ನೊಂದರದನ್ನು ತೊಡಿಸಿದವರು ಬೇಕಾದಷ್ಟು ಜನ.

1980ರ ನಂತರದ ಓಎಂಸಿ ಮೋಟಾರುಗಳದು ಇನ್ನೊಂದು ಮೋಜು. 'ಪರಿಚಯಿಸುತ್ತದೆ' ಎಂಬ ಅರ್ಥದ 'ಇಂಟ್ರೊಡ್ಯೂಸಸ್' ಎಂಬ ಇಂಗ್ಲಿಷ್ ಪದದಲ್ಲಿ ಹತ್ತು ಅಕ್ಷರಗಳಿವೆ, ಒಂದೂ ಮರುಕಳಿಸುವುದಿಲ್ಲ ಎಂದುಕೊಳ್ಳಿ: ಐ, ಎನ್, ಟಿ, ಆರ್, ಓ, ಡಿ, ಯು, ಸಿ, ಇ, ಎಸ್. ಇವಕ್ಕೆ ಕ್ರಮವಾಗಿ 1ರಿಂದ 9, ಕೊನೆಯದಕ್ಕೆ ಸೊನ್ನೆ. ಮಾದರಿಯ ಸಂಕೇತದ ಕೊನೆಯ ಕಡೆ 'ಸಿ, ಎನ್' ಎಂಬ ಜೋಡಿ ಇದ್ದರೆ 8 ಮತ್ತು 2, ಅಂದರೆ 1982! ಅಂದು ಹೊಸದಾಗಿದ್ದ ಆ ಮೋಟಾರುಗಳೂ ಈಗ ನಲವತ್ತು ದಾಟಿ ಹಳೆಯವರ ಸಾಲಿಗೆ ಸೇರಿವೆ.

ಮೂಗಿಗಿಂತ ಮೂಗುತಿ ಭಾರ

ಹೆಸರು ಸಿಕ್ಕಮೇಲೆ ಒಡವೆಯ ಮಾತು. ಮೇಳದ ಇನ್ನೊಂದು ಬದಿಯಲ್ಲಿ ಹರಡಿಕೊಂಡಿರುವುದು ಬರೀ ಸಲಕರಣೆಗಳ ಅಂಗಡಿ. ಆಯಾ ಕಾಲದ ಇಂಧನದ ತೊಟ್ಟಿಗಳು, ದೂರದಿಂದಲೇ ವೇಗ ಮತ್ತು ಗೇರು ನಿಯಂತ್ರಿಸುವ ಸನ್ನೆಪೆಟ್ಟಿಗೆ, ಹಗ್ಗ ಮತ್ತು ರಾಟೆಯ ಚುಕ್ಕಾಣಿ, ಹಿತ್ತಾಳೆ ಹಾಗೂ ಕಂಚಿನ ಪಂಖಗಳು, ಎಣ್ಣೆಯ ಡಬ್ಬಿ, ಕಂಪನಿಯೇ ಕೊಡುತ್ತಿದ್ದ ಉಪಕರಣದ ಚೀಲ, ಬಳಕೆದಾರರ ಕೈಪಿಡಿ. ಜೊತೆಗೆ 1950ರ ದಶಕದ ಮಕ್ಕಳಿಗೆಂದು ಬಂದ, ಅಂಗೈಯಷ್ಟು ದೊಡ್ಡ, ಬ್ಯಾಟರಿಯಿಂದ ಓಡುವ ಆಟಿಕೆ ಔಟ್‌ಬೋರ್ಡ್‌ಗಳು. ಇವುಗಳಿಗೂ ಸಂಗ್ರಾಹಕರ ಪೈಪೋಟಿ ಜೋರು.

ಜಾನ್‌ಸನ್‌ನ ತೊಟ್ಟಿಗೆ 'ಮೈಲ್ ಮಾಸ್ಟರ್' ಎಂದು ಹೆಸರು, ಎವಿನ್‌ರೂಡ್‌ನದಕ್ಕೆ 'ಕ್ರೂಸ್-ಎ-ಡೇ'. ಸರಿಯಾದ ಮೋಟಾರಿನ ಪಕ್ಕದಲ್ಲಿ ಸರಿಯಾದ ತೊಟ್ಟಿ ಇಟ್ಟರೆ ಜೋಡಿ ಸೇರಿದಂತೆ. ಆದರೆ ಇಲ್ಲೊಂದು ಎಚ್ಚರಿಕೆ. ಎರಡು ಕೊಳವೆಯ ಒತ್ತಡದ ತೊಟ್ಟಿಯ ಮುಚ್ಚಳವನ್ನು ಗಾಳಿ ಬಿಡದೆ ತೆರೆದರೆ ಪೆಟ್ರೋಲು ಮುಖಕ್ಕೆ ಚಿಮ್ಮೀತು. ಹಳೆಯ ರಬ್ಬರು ಬಿರುಕುಬಿಟ್ಟಿದ್ದರಂತೂ ಬೆಂಕಿಯ ಭಯ. ಹಾಗಾಗಿ ಓಡಿಸುವ ಮೋಟಾರಿಗೆ ಪಂಪು ಜೋಡಿಸಿ ಒಂದೇ ಕೊಳವೆಯ ತೊಟ್ಟಿಗೆ ಬದಲಾಯಿಸಿಕೊಳ್ಳುವವರಿದ್ದಾರೆ. ಮೂಲರೂಪ ಕೆಡುತ್ತದೆಂದು ಒಪ್ಪದವರೂ ಇದ್ದಾರೆ. ಈ ವಾದ ಮೇಳದಲ್ಲಿ ಊಟದ ಹೊತ್ತಿಗೂ ಮುಗಿಯುವುದಿಲ್ಲ.

ಎಣ್ಣೆಯ ಲೆಕ್ಕವೂ ಹಾಗೆಯೇ. ಈ ಎರಡು ಹೊಡೆತದ ಎಂಜಿನ್ನುಗಳಲ್ಲಿ ಪೆಟ್ರೋಲಿನೊಂದಿಗೇ ಎಣ್ಣೆ ಬೆರೆಸಬೇಕು. ಓಎಂಸಿ 1964ರಿಂದ 50 ಪಾಲಿಗೆ 1 ಪಾಲು ಎಣ್ಣೆ ಸಾಕೆಂದಿತು. ಅದಕ್ಕಿಂತ ಹಿಂದಿನವಕ್ಕೆ 24ಕ್ಕೆ 1, ಇನ್ನೂ ಹಳೆಯವಕ್ಕೆ 16ಕ್ಕೆ 1 ಬೇಕು. ಹಳೆಯದಕ್ಕೆ ಹೊಸ ಲೆಕ್ಕ ಹಾಕಿದರೆ ಎಂಜಿನ್ನು ಕಚ್ಚಿಕೊಂಡು ನಿಲ್ಲುತ್ತದೆ. ವಯಸ್ಸು ಗೊತ್ತಿಲ್ಲದೆ ಎಣ್ಣೆ ಬೆರೆಸುವಂತಿಲ್ಲ. ಗುರುತು ಹಿಡಿಯುವುದು ಬರೀ ಹವ್ಯಾಸಿಯ ಚಪಲವಲ್ಲ ಎನ್ನುವುದು ಇದಕ್ಕೇ.

ಇನ್ನು ಕೆಲವರಿಗೆ ಹೊಳಪಿನ ಹುಚ್ಚು. ಅಲ್ಯುಮಿನಿಯಂ ಭಾಗವನ್ನೆಲ್ಲ ಕನ್ನಡಿಯಂತೆ ತಿಕ್ಕಿ, ಕಾರ್ಖಾನೆ ಎಂದೂ ಬಳಿಯದ ಬಣ್ಣ ಬಳಿದು, ಬೇರೆ ವರ್ಷದ ಚಿತ್ರಪಟ್ಟಿ ಅಂಟಿಸಿ, ಇಲ್ಲದ ಸನ್ನೆಗಳನ್ನೆಲ್ಲ ಜೋಡಿಸಿ ತರುತ್ತಾರೆ. ನೋಡಲೇನೋ ಚೆಂದ. ಆದರೆ ಮುಂದಿನ ಪೀಳಿಗೆಯವನು ಗುರುತು ಹಿಡಿಯಲು ಬಂದಾಗ ಅದೇ ಸುಳ್ಳು ಸಾಕ್ಷಿಯಾಗುತ್ತದೆ. ಮೂಗಿಗಿಂತ ಮೂಗುತಿ ಭಾರವಾದರೆ ಮುಖವೇ ಕಾಣದು. ಹಳೆಯ ಬಣ್ಣ ಅರ್ಧ ಉಳಿದಿದ್ದರೂ ಹಾಗೆಯೇ ಬಿಡಿ, ಒಳಗಿನ ನೀರಿನ ಪಂಪಿನ ರಬ್ಬರು, ಬಿರುಕುಬಿಟ್ಟ ಕಿಡಿಸುರುಳಿ, ಕೊಳವೆಗಳನ್ನು ಮಾತ್ರ ಹೊಸದು ಮಾಡಿ ಎನ್ನುವುದು ಹಿರಿಯರ ಬುದ್ಧಿವಾದ. ಕಾಣದ್ದನ್ನು ಬದಲಿಸು, ಕಾಣುವುದನ್ನು ಕಾಪಾಡು!

ನೀಲಿ ಹೊಗೆಯ ಲೆಕ್ಕ

ಇಷ್ಟೆಲ್ಲ ಅಕ್ಕರೆಯ ನಡುವೆ ಕೇಳಲೇಬೇಕಾದ ಪ್ರಶ್ನೆಯೊಂದಿದೆ. ಸರೋವರಕ್ಕೆ ಇದು ಒಳ್ಳೆಯದೇ?

ಹಳೆಯ ಎರಡು ಹೊಡೆತದ ಎಂಜಿನ್ನಿನಲ್ಲಿ ಹೊಸ ಇಂಧನ ಒಳಬರುವಾಗಲೇ ಹೊಗೆ ಹೊರಹೋಗುವ ಬಾಗಿಲೂ ತೆರೆದಿರುತ್ತದೆ. ಹಾಗಾಗಿ ಇಂಧನದ ಕಾಲುಭಾಗ, ಕೆಲವೊಮ್ಮೆ ಇನ್ನೂ ಹೆಚ್ಚು, ಉರಿಯದೆಯೇ ನೀರಿಗೆ ಸೇರುತ್ತದೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 1996ರಲ್ಲಿ ಹೊಸ ಔಟ್‌ಬೋರ್ಡ್‌ಗಳ ಹೊಗೆಗೆ ಕಟ್ಟುನಿಟ್ಟಿನ ಮಿತಿ ಹಾಕಿತು. ಕ್ಯಾಲಿಫೋರ್ನಿಯಾ ಮತ್ತು ನೆವಾಡ ಗಡಿಯ ಟಾಹೋ ಸರೋವರದಲ್ಲಿ 1999ರಿಂದ ಕಾರ್ಬ್ಯುರೇಟರಿನ ಎರಡು ಹೊಡೆತದ ಮೋಟಾರುಗಳಿಗೆ ನಿಷೇಧವೇ ಬಂತು.

ವಾಕೀಗನ್ ಬಂದರಿನ ಕಥೆ ಇನ್ನೂ ಕಹಿ. ಓಎಂಸಿ ಕಾರ್ಖಾನೆಯಲ್ಲಿ ಬಳಸಿದ ದ್ರವದಲ್ಲಿದ್ದ ಪಿಸಿಬಿ ಎಂಬ ವಿಷವಸ್ತು ಬಂದರಿನ ಕೆಸರಿನಲ್ಲಿ 1970ರ ದಶಕದಲ್ಲಿ ಪತ್ತೆಯಾಯಿತು. ದೇಶದ ಅತಿ ಮಲಿನ ತಾಣಗಳ ಪಟ್ಟಿಗೆ ಆ ಜಾಗ ಸೇರಿತು. 1990ರ ದಶಕದ ಆರಂಭದಲ್ಲಿ ಹೂಳೆತ್ತಿ ಶುದ್ಧಿಗೊಳಿಸುವ ಕೆಲಸ ನಡೆಯಿತು. ಮನುಷ್ಯನನ್ನು ನೀರಿನ ಹತ್ತಿರಕ್ಕೆ ಒಯ್ದ ಯಂತ್ರವೇ ನೀರನ್ನು ಕೆಡಿಸಿದ್ದು ವಿಪರ್ಯಾಸ.

ಹಳೆಯ ಮೋಟಾರಿನವರೂ ಇದನ್ನು ಬಲ್ಲರು. ವರ್ಷಕ್ಕೆ ಕೆಲವೇ ಗಂಟೆ ಓಡಿಸುತ್ತೇವೆ, ದಿನವಿಡೀ ಓಡುವ ದೊಡ್ಡ ದೋಣಿಗಳಿಗೆ ಹೋಲಿಸಿದರೆ ಇದೆಷ್ಟರದು ಎಂಬ ಸಮರ್ಥನೆ ಅವರದು. ಅದರಲ್ಲಿ ಹುರುಳಿಲ್ಲದೆ ಇಲ್ಲ. ಆದರೂ ಡ್ರಮ್ಮಿನ ನೀರಿನ ಮೇಲೆ ಕಾಮನಬಿಲ್ಲಿನಂತೆ ಹರಡುವ ಎಣ್ಣೆಯ ಪದರ ಎಲ್ಲರ ಕಣ್ಣಿಗೂ ಬೀಳುತ್ತದೆ. ಯಂತ್ರವನ್ನು ಓಡಿಸದಿದ್ದರೆ ಅದು ಯಂತ್ರವಲ್ಲ, ಬೊಂಬೆ. ಓಡಿಸಿದರೆ ನೀರಿಗೆ ಕೇಡು. ಪ್ರೀತಿಸುವ ಎರಡರಲ್ಲಿ ಯಾವುದನ್ನು ಎಷ್ಟು ಉಳಿಸಿಕೊಳ್ಳಬೇಕು? ಮೇಳದಲ್ಲಿ ಡ್ರಮ್ಮಿನ ನೀರಿನಲ್ಲಿ ಐದು ನಿಮಿಷ ಓಡಿಸಿ ನಿಲ್ಲಿಸುವವರು ಒಂದು ಉತ್ತರ ಕಂಡುಕೊಂಡಿದ್ದಾರೆ. ಆ ಎಣ್ಣೆನೀರನ್ನು ಎಲ್ಲಿ ಚೆಲ್ಲುತ್ತಾರೆ ಎಂಬುದರ ಮೇಲೆ ಆ ಉತ್ತರದ ಬೆಲೆ ನಿಂತಿದೆ.

ಮೀನಿನ ಊರಿನಲ್ಲಿ

2000ದ ಡಿಸೆಂಬರಿನಲ್ಲಿ ಓಎಂಸಿ ದಿವಾಳಿಯಾಯಿತು. ಸಾವಿರಾರು ಜನ ಕೆಲಸ ಕಳೆದುಕೊಂಡರು. ಕೆನಡಾದ ಬಂಬಾರ್ಡಿಯರ್ ಕಂಪನಿ 2001ರಲ್ಲಿ ಎವಿನ್‌ರೂಡ್, ಜಾನ್‌ಸನ್ ಹೆಸರುಗಳನ್ನು ಕೊಂಡು, ವಿಸ್ಕಾನ್ಸಿನ್ನಿನಲ್ಲೇ ಎವಿನ್‌ರೂಡ್ ತಯಾರಿಕೆ ಮುಂದುವರಿಸಿತು. 2020ರ ಮೇ ತಿಂಗಳಲ್ಲಿ ಅದೂ ನಿಂತಿತು. ಹುಟ್ಟುಗಳನ್ನು ಎಸೆಯಿರಿ ಎಂದು ಬೆಸ್ ಬರೆದ ನೂರಾಹತ್ತು ವರ್ಷಗಳ ಸುಮಾರಿಗೆ ಆ ಹೆಸರಿನ ಹೊಸ ಮೋಟಾರು ಬರುವುದೇ ನಿಂತುಹೋಯಿತು.

ರಾಜ್ಯದ ವಾಯವ್ಯ ಮೂಲೆಯ ಹೇವರ್ಡ್ ಎಂಬ ಕಾಡೂರಿನಲ್ಲಿ ಸಿಹಿನೀರಿನ ಮೀನುಗಾರಿಕೆಯ ವಸ್ತುಸಂಗ್ರಹಾಲಯವಿದೆ. ಅದರ ಅಂಗಳದಲ್ಲಿ 143 ಅಡಿ ಉದ್ದದ, ನಾಲ್ಕೂವರೆ ಅಂತಸ್ತಿನ ಎತ್ತರದ ಮಸ್ಕಿ ಮೀನಿನ ಪ್ರತಿಮೆ. ಒಳಗೆ ಹೊಕ್ಕು, ಮೆಟ್ಟಿಲೇರಿ, ಮೀನಿನ ತೆರೆದ ಬಾಯಲ್ಲಿ ನಿಂತು ಊರು ನೋಡಬಹುದು! ಮಕ್ಕಳು ಅತ್ತ ಓಡಿದರೆ, ವಯಸ್ಸಾದವರ ಕಾಲು ಪಕ್ಕದ ಕಟ್ಟಡದತ್ತ ಹೊರಳುತ್ತದೆ. ಅಲ್ಲಿ ಗಾಳ, ರಾಟೆ, ಮೀನುಗಳ ನಡುವೆ ಹಳೆಯ ಔಟ್‌ಬೋರ್ಡ್‌ಗಳ ದೊಡ್ಡ ಸಾಲು. ಕಾಫಿ ಬೀಸುವ ಯಂತ್ರದಂಥವು, ಹಿತ್ತಾಳೆಯ ತೊಟ್ಟಿಯವು, ವಿಮಾನದ ಮೂಗಿನಂಥ ಟೊಪ್ಪಿಯವು.

ಆ ಸಾಲಿನ ಪ್ರತಿಯೊಂದಕ್ಕೂ ಹೆಸರಿದೆ, ವರ್ಷವಿದೆ. ಅವನ್ನು ಬರೆದಿಟ್ಟದ್ದು ಕಾರ್ಖಾನೆಗಳಲ್ಲ, ತಗಡಿನ ಮೇಲೆ ಪೆನ್ಸಿಲ್ ತಿಕ್ಕಿ ಓದಲು ಕಲಿತ ಇಂಥದೇ ಜನರ ಬಳಗ. ಕಾರ್ಖಾನೆ ಮುಚ್ಚಿದ ಮೇಲೆ ಕೇಳಲು ಉಳಿದಿರುವುದು ಅವರೊಬ್ಬರೇ. ಅವರಲ್ಲಿ ಬಹುಪಾಲು ಜನರ ತಲೆ ನರೆತಿದೆ. ಹಳೆಯ ಮೋಟಾರೊಂದು ಮನೆಯಲ್ಲಿರುವವರು ಬಣ್ಣದ ಡಬ್ಬಿ ತೆರೆಯುವ ಮುಂಚೆ ಅಂಥವರೊಬ್ಬರ ಎದುರು ಅದನ್ನೊಮ್ಮೆ ಇಟ್ಟು ಕೇಳಿದರೆ, ಯಂತ್ರಕ್ಕೂ ಒಳ್ಳೆಯದು, ಹೇಳುವವರಿಗೂ ಸಂತೋಷ.

ಹೋಗುವವರಿಗೆ

ಷಿಕಾಗೋದ ಯೂನಿಯನ್ ನಿಲ್ದಾಣದಿಂದ ಮಿಲ್ವಾಕಿಗೆ ರೈಲಿನಲ್ಲಿ ಸುಮಾರು ಒಂದೂವರೆ ಗಂಟೆ. ಮಿಲ್ವಾಕಿಯಿಂದ ಒಕಾಚೀ 48 ಕಿ.ಮೀ., ಸೀಡರ್‌ಬರ್ಗ್ ಸುಮಾರು 32 ಕಿ.ಮೀ., ಫಾಂಡುಲಾಕ್ ಸುಮಾರು 100 ಕಿ.ಮೀ. ಹೇವರ್ಡ್ ದೂರ, ಸುಮಾರು 500 ಕಿ.ಮೀ. ಹಾಗಾಗಿ ಒಂದು ರಾತ್ರಿ ಅಲ್ಲೇ ತಂಗುವುದು ಮೇಲು. ಈ ಊರುಗಳನ್ನೆಲ್ಲ ಸುತ್ತಲು ಕಾರೇ ಅನುಕೂಲ. ಜೂನ್‌ನಿಂದ ಸೆಪ್ಟೆಂಬರ್ ಸರಿಯಾದ ಕಾಲ. ಚಳಿಗಾಲದಲ್ಲಿ ಹೋದರೆ ದೋಣಿಗಳ ಬದಲು, ಹೆಪ್ಪುಗಟ್ಟಿದ ನೀರಿಗೆ ತೂತು ಕೊರೆದು ಮೀನು ಹಿಡಿಯುವವರು ಸಿಗುತ್ತಾರೆ.